ದೊಡ್ಡಪತ್ರೆ ಇದ್ರೆ ತಂಬುಳಿನೂ ಆಗುತ್ತೆ, ಶೀತಕ್ಕೆ ಮದ್ದೂ ಆಗುತ್ತೆ

ಎಷ್ಟೋ ಮನೆಗಳಲ್ಲಿ ದೊಡ್ಡಪತ್ರೆ ಪಾಟ್ ತುಂಬಾ ಬೆಳ್ದು ನಿಂತಿರುತ್ತೆ, ಆದ್ರೆ ಮಗುಗೆ ಶೀತ ಆದಾಗ ಬಿಟ್ರೆ ಅದನ್ನ ಯಾರೂ ಮುಟ್ಟಲ್ಲ, ನಂಗಂತೂ ನೋಡಿದ್ರೆ ಹೊಟ್ಟೆ ಉರಿಯುತ್ತೆ. ಸಾಂಬಾರ ಸೊಪ್ಪು, ಸಾಂಬ್ರಾಣಿ ಸೊಪ್ಪು ಅಂತ ಒಂದೊಂದು ಕಡೆ ಒಂದೊಂದು ಹೆಸ್ರು. ದಪ್ಪ ಎಲೆ, ಮೇಲೆ ಸಣ್ಣ ರೋಮ, ಮುಟ್ಟಿದ್ರೆ ಸಾಕು ಕೈಯೆಲ್ಲಾ ಓಮದ ವಾಸ್ನೆ. ಇದನ್ನ ಅಜ್ವೈನ್ ಗಿಡ ಅಂತಾನೂ ಮಾರ್ತಾರೆ, ಆದ್ರೆ ಓಮದ ಕಾಳು ಬಿಡೋ ಗಿಡಾನೇ ಬೇರೆ, ಎರಡರಲ್ಲೂ ಥೈಮಾಲ್ ಅನ್ನೋ ಘಾಟಿನ ಅಂಶ ಇರೋದಕ್ಕೆ ವಾಸ್ನೆ ಒಂದೇ ತರ ಅಷ್ಟೇ.

ಅಡುಗೆಗೆ ಆಗ್ಲಿ ಮದ್ದಿಗೆ ಆಗ್ಲಿ ಮುಖ್ಯ ಕೆಲ್ಸ ಬಾಡಿಸೋದು. ಹಸಿದೇ ರುಬ್ಬಿದ್ರೆ ಘಾಟು ಜಾಸ್ತಿ, ಗಂಟಲಿಗೆ ಹಿಡಿಯುತ್ತೆ.

ತಂಬುಳಿಗೆ 10-12 ಎಲೆ ತೊಳ್ದು ಹೆಚ್ಕೊಳ್ಳಿ. ಒಂದು ಚಮಚ ತುಪ್ಪಕ್ಕೆ ಅರ್ಧ ಚಮಚ ಜೀರಿಗೆ, 5-6 ಕಾಳುಮೆಣಸು ಹಾಕಿ, ಜೀರಿಗೆ ಚಟಪಟ ಅಂದ್ಮೇಲೆ ಎಲೆ ಹಾಕಿ ಉರಿ ಸಣ್ಣ ಮಾಡಿ. ಮೊದ್ಲು ಎಲೆ ನೀರು ಬಿಡುತ್ತೆ, ಆಮೇಲೆ ಆ ನೀರೆಲ್ಲಾ ಇಂಗಿ ಹಸಿರು ಬಣ್ಣ ಮಂಕಾಗಿ ಬಾಣಲೆ ತುಂಬಾ ಇದ್ದ ಸೊಪ್ಪು ಒಂದು ಹಿಡಿಗೆ ಇಳಿಯುತ್ತೆ, ಅಲ್ಲಿವರೆಗೂ ಕೈಯಾಡಿಸ್ತಾ ಇರಿ, ಅವಸರ ಬೇಡ. ಪೂರ್ತಿ ಆರಿದ್ಮೇಲೆ ಕಾಲು ಕಪ್ ತೆಂಗಿನತುರಿ ಜೊತೆ ನುಣ್ಣಗೆ ರುಬ್ಬಿ, ಒಂದೂವರೆ ಕಪ್ ಮಜ್ಜಿಗೆಗೆ ಕಲಸಿ ಉಪ್ಪು ಹಾಕಿ, ಸಾಸಿವೆ ಒಣಮೆಣಸಿನಕಾಯಿ ಒಗ್ಗರಣೆ ಕೊಡಿ. ಇದನ್ನ ಕುದಿಸ್ಬಾರ್ದು, ಮಜ್ಜಿಗೆ ಒಡ್ದು ಹೋಗುತ್ತೆ. ಮಜ್ಜಿಗೆ ತುಂಬಾ ಹುಳಿ ಇದ್ರೂ ಸೊಪ್ಪಿನ ರುಚಿ ಗೊತ್ತಾಗಲ್ಲ. ಬಿಸಿ ಅನ್ನಕ್ಕೆ ಮೊದ್ಲು ಇದನ್ನೇ ಕಲಸ್ಕೊಂಡು ಊಟ ಶುರು ಮಾಡಿ.

ಬಜ್ಜಿಗೆ ಮಾತ್ರ ಬಾಡಿಸೋದು ಬೇಡ, ಇಡೀ ಎಲೆ ತೊಟ್ಟು ಹಿಡ್ಕೊಂಡು ಕಡ್ಲೆಹಿಟ್ಟಲ್ಲಿ ಅದ್ದಿ ಎಣ್ಣೆಗೆ ಬಿಡಿ, ಹಿಟ್ಟಿಗೆ ಒಂದು ಚಮಚ ಅಕ್ಕಿಹಿಟ್ಟು ಸೇರಿಸಿದ್ರೆ ಗರಿಗರಿ ಬರುತ್ತೆ. ಎಲೆ ಒರೆಸ್ದೆ ಹಾಕಿದ್ರೆ ಎಣ್ಣೆ ಸಿಡಿಯುತ್ತೆ, ಹುಷಾರು.

ಶೀತ ಕೆಮ್ಮಿಗೆ ಎಣ್ಣೆ ಹಾಕದ ಕಾವಲಿ ಮೇಲೆ 4-5 ಎಲೆ ಎರಡೂ ಕಡೆ ಮೆತ್ತಗಾಗೋವರೆಗೂ ಬಾಡಿಸಿ, ಬಿಸಿ ಆರಿದ್ಮೇಲೆ ಕೈಯಲ್ಲೇ ಹಿಂಡಿ, ರಸ ತಾನಾಗೇ ಇಳಿಯುತ್ತೆ. ದೊಡ್ಡೋರು ಒಂದು ಚಮಚ ರಸಕ್ಕೆ ಸ್ವಲ್ಪ ಜೇನುತುಪ್ಪ ಸೇರಿಸಿ ತಗೋಬಹುದು. ಒಂದು ವರ್ಷದೊಳಗಿನ ಮಗುಗೆ ಜೇನುತುಪ್ಪ ಖಂಡಿತಾ ಕೊಡ್ಬೇಡಿ, ಅದ್ರಿಂದ ಬಾಟುಲಿಸಂ ಅನ್ನೋ ದೊಡ್ಡ ಕಾಯಿಲೆ ಬರಬಹುದು, ಅಷ್ಟು ಚಿಕ್ಕ ಮಕ್ಕಳಿಗೆ ಈ ರಸಾನೂ ಡಾಕ್ಟರನ್ನ ಕೇಳ್ದೆ ಕುಡಿಸ್ಬೇಡಿ. ಉಸಿರಾಟದಲ್ಲಿ ಗೊರಗೊರ ಸದ್ದು, ಜ್ವರ ಇದ್ರೆ ಮನೆಮದ್ದು ನೆಚ್ಕೊಂಡು ಕೂರೋದು ತಪ್ಪು.

ಪಿತ್ತದ ಗಂಧೆ ಎದ್ದಾಗ ಎಲೆ ಜಜ್ಜಿ ಮೈಗೆ ಸವರೋದು ನಮ್ಮ ಕಡೆ ಹಳೇ ರೂಢಿ. ಮೊದ್ಲು ಮೊಣಕೈ ಹತ್ರ ಸ್ವಲ್ಪ ಹಚ್ಚಿ ನೋಡಿ, ಕೆಲವರಿಗೆ ಉರಿಯುತ್ತೆ. ಆದ್ರೆ ತುಟಿ, ಕಣ್ಣು ಊದ್ಕೊಂಡ್ರೆ ಅಥವಾ ಉಸಿರು ಕಟ್ಟಿದ ಹಾಗಾದ್ರೆ ಸೊಪ್ಪು ಹುಡುಕ್ತಾ ಕೂರ್ದೆ ಸೀದಾ ಆಸ್ಪತ್ರೆಗೆ ಹೋಗಿ.

ಗಿಡ ಇಲ್ದೋರು ಪಕ್ಕದ ಮನೆಯಿಂದ ಗೇಣುದ್ದ ಕಡ್ಡಿ ಇಸ್ಕೊಂಡು ಕೆಳಗಿನ ಎಲೆ ಕಿತ್ತು ಮಣ್ಣಿಗೆ ಚುಚ್ಚಿ, ಬೀಜ ಗೀಜ ಏನೂ ಬೇಡ. ದಿನಾ ನೀರು ಸುರೀಬೇಡಿ, ಬುಡ ಕೊಳೆಯುತ್ತೆ, ಮೇಲ್ಮಣ್ಣು ಒಣಗಿದ್ಮೇಲೆ ಹಾಕಿದ್ರೆ ಸಾಕು. ತುದಿ ಚಿವುಟಿ ಚಿವುಟಿ ಅಡುಗೆಗೆ ತಗೋತಾ ಇದ್ರೆ ಪಕ್ಕದಲ್ಲಿ ಕವಲೊಡ್ದು ಪೊದೆ ಆಗುತ್ತೆ.