ಅಂಜುವವರನ್ನೇ ಕಳುಹಿಸಿದೆ

2020ರ ಸಾಂಕ್ರಾಮಿಕಕ್ಕೆ ಮೊದಲು, ನಾನು ಪಾಲಕನಾಗಿರುವ ಕ್ರೈಸ್ತ ಸಭೆಯಲ್ಲಿ ಭಾನುವಾರದ ಆರಾಧನೆಗೆ ಸುಮಾರು 110 ಮಂದಿ ಸೇರುತ್ತಿದ್ದೆವು. ಮುಚ್ಚಿದ ಬಾಗಿಲು ಮತ್ತೆ ತೆರೆದ ದಿನ ಬಂದವರು 30. ಕಾಣಿಕೆ ಮೂರರಲ್ಲಿ ಒಂದು ಪಾಲಿಗೆ ಇಳಿದಿತ್ತು. ಬಾರದವರು ನಂಬಿಕೆ ಬಿಟ್ಟಿರಲಿಲ್ಲ, ಹೆದರಿದ್ದರು. ರೋಗಕ್ಕೆ, ಕೆಲಸ ಹೋಗುವುದಕ್ಕೆ, ಪಕ್ಕದಲ್ಲಿ ಕುಳಿತವರ ಉಸಿರಿಗೆ ಹೆದರಿದ್ದರು. ಇವರನ್ನೇ ಕಟ್ಟಿಕೊಂಡು ಸುವಾರ್ತಾಸೇವೆ, ಅಂದರೆ ಯೇಸುವಿನ ಶುಭಸಂದೇಶ ಸಾರುವ ಸೇವೆ, ನಡೆಸುತ್ತೇನೆ ಎಂದಾಗ ಹಿರಿಯರಲ್ಲಿ ಇಬ್ಬರು ಒಪ್ಪಲಿಲ್ಲ. ‘ಮೊದಲು ಜನ ಗಟ್ಟಿಯಾಗಲಿ, ಆಮೇಲೆ ಸೇವೆ’ ಎಂದರು. ಇಂದು ಆ ಇಬ್ಬರೂ ವಾರ ತಪ್ಪದೆ ಮನೆ ಭೇಟಿಗೆ ಹೋಗುತ್ತಾರೆ. ಈಗಲಾದರೂ ಬರೆದಿಡಬೇಕು ಎನಿಸಿತು.

ಮೊದಲು ನಾನು ಕೆಡಿಸಿದ್ದು ಹಣವನ್ನು. ಆರಾಧನೆಯನ್ನು ಮನೆಮನೆಗೆ ತೋರಿಸಲು ಎಲ್ಲರೂ ಕ್ಯಾಮೆರಾ ಹಿಡಿದಿದ್ದರು, ನಾವೂ ಹಿಡಿದೆವು. ಕ್ಯಾಮೆರಾ, ದೀಪ, ಮೈಕು ಎಲ್ಲ ಸೇರಿ ಆಪದ್ಧನದ ಅರ್ಧಕ್ಕಿಂತ ಹೆಚ್ಚು ಕರಗಿತು. ಮೊದಲ ವಾರ 80 ಮನೆಗಳಲ್ಲಿ ನೋಡಿದರು, ಮೂರನೆಯ ತಿಂಗಳಿಗೆ 15 ಉಳಿದಿರಬಹುದು. ಧೈರ್ಯದ ಬಗ್ಗೆಯೇ ಎಂಟು ಪ್ರಸಂಗ ಮಾಡಿದೆ. ಚೆನ್ನಾಗಿತ್ತು ಎಂದು ಫೋನಿನಲ್ಲಿ ಹೇಳಿದವರು ಬಾಗಿಲ ಚಿಲಕ ತೆಗೆಯಲಿಲ್ಲ. ಆ ಸಾಮಾನನ್ನು ಕೊನೆಗೆ ಕೊಂಡ ಬೆಲೆಯ ಮೂರರಲ್ಲೊಂದು ಪಾಲಿಗೆ ಮಾರಿದೆ.

ಎರಡನೆಯ ತಪ್ಪು ಇನ್ನೂ ದೊಡ್ಡದು. ಬೈಬಲಿನ ನ್ಯಾಯಸ್ಥಾಪಕರ ಪುಸ್ತಕದ ಏಳನೆಯ ಅಧ್ಯಾಯ ಹಿಡಿದುಕೊಂಡೆ. ಯುದ್ಧಕ್ಕೆ ಹೊರಟ ಇಸ್ರಾಯೇಲರ ನಾಯಕ ಗಿದ್ಯೋನನ 32,000 ಮಂದಿಯಲ್ಲಿ ಅಂಜುವವರು ಹಿಂತಿರುಗಲಿ ಎಂದಾಗ 22,000 ಮಂದಿ ಹೊರಟುಹೋದರು, ಕಡೆಗೆ ಉಳಿದ 300 ಮಂದಿಯಿಂದ ಜಯ ಬಂತು. ನಾನೂ ಹಾಗೆಯೇ ಹೆದರಿದವರಿಗೆ ವಿಶ್ರಾಂತಿ ಕೊಟ್ಟು, ಗಟ್ಟಿಗರು ಎನಿಸಿದ 12 ಮಂದಿಯನ್ನು ಆರಿಸಿಕೊಂಡೆ. ಆರು ವಾರದಲ್ಲಿ ಆ 12 ಮಂದಿ ಬಳಲಿ ಬೆಂಡಾದರು. ವಿಶ್ರಾಂತಿಗೆ ಹೋದವರಲ್ಲಿ ಕೆಲವರು ಮತ್ತೆ ಬರಲೇ ಇಲ್ಲ. ‘ನಾವು ಬೇಡವಾದೆವು’ ಎಂದು ಒಬ್ಬ ತಾಯಿ ನನ್ನ ಹೆಂಡತಿಯ ಬಳಿ ಅತ್ತರಂತೆ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಯೋಹಾನನ ಸುವಾರ್ತೆಯ ಇಪ್ಪತ್ತನೆಯ ಅಧ್ಯಾಯವನ್ನು ಎಷ್ಟು ಸಲ ಬೋಧಿಸಿದ್ದೆನೋ ಲೆಕ್ಕವಿಲ್ಲ. ಅದರಲ್ಲಿದ್ದದ್ದು ಕಣ್ಣಿಗೆ ಬಿದ್ದದ್ದು ಆಗ. ಯೇಸುವನ್ನು ಶಿಲುಬೆಗೇರಿಸಿದ ಮೇಲೆ ಶಿಷ್ಯರು ಭಯದಿಂದ ಬಾಗಿಲು ಮುಚ್ಚಿಕೊಂಡಿದ್ದರು. ಸತ್ತು ಎದ್ದ ಕರ್ತನಾದ ಯೇಸು ಒಳಗೆ ಬಂದು ಸಮಾಧಾನ ಹೇಳಿ, ಅದೇ ಕೋಣೆಯಲ್ಲಿ, ತಂದೆ ನನ್ನನ್ನು ಕಳುಹಿಸಿದಂತೆ ನಾನೂ ನಿಮ್ಮನ್ನು ಕಳುಹಿಸುತ್ತೇನೆ ಎಂದನು. ಭಯ ಹೋಗಲಿ ಎಂದು ಕಾಯಲಿಲ್ಲ. ಎಂಟು ದಿನದ ಮೇಲೆ, ಮೊದಲ ಸಲ ಅಲ್ಲಿರದಿದ್ದ ಶಿಷ್ಯ ತೋಮನೂ ಜೊತೆಗಿದ್ದಾಗ, ಬಾಗಿಲು ಇನ್ನೂ ಮುಚ್ಚಿಯೇ ಇತ್ತು. ಎದ್ದ ಕರ್ತನನ್ನು ಕಣ್ಣಾರೆ ಕಂಡವರ ಬಾಗಿಲು ಅದು! ಗಿದ್ಯೋನನ ಲೆಕ್ಕ ಯುದ್ಧಕ್ಕೆ ಸರಿ. ಸಭೆಗೆ ಈ ಕೋಣೆಯೇ ಮಾದರಿ ಎಂದು ಅಂದು ನಿಶ್ಚಯಿಸಿದೆ.

ನಾನು ಮಾಡಿದ್ದು ಇಷ್ಟು. ಹೆದರಿದ ಪ್ರತಿಯೊಬ್ಬರಿಗೂ ತಮಗಿಂತ ಹೆಚ್ಚು ಹೆದರಿದ ಒಂದು ಮನೆ ಕೊಟ್ಟೆ. ಸಭೆಯ ಮನೆಯೇ ಆಗಬೇಕೆಂದಿಲ್ಲ, ನೆರೆಯವರದೂ ಆಗಬಹುದು. ಮೊದಲ ತಿಂಗಳು ಫೋನ್ ಮಾತ್ರ. ಎರಡನೆಯ ತಿಂಗಳು ಔಷಧಿ, ದಿನಸಿ ತಂದು ಬಾಗಿಲಲ್ಲಿಟ್ಟು ದೂರ ನಿಂತು ಮಾತನಾಡುವುದು. ಮೂರನೆಯ ತಿಂಗಳು, ಅವರು ಕೇಳಿದರೆ, ಹೊಸ್ತಿಲ ಹೊರಗೆ ನಿಂತು ಪ್ರಾರ್ಥನೆ. ಯಾರಿಗೆ ಯಾವ ಮನೆ ಎಂದು ಹೊಂದಿಸುವುದಕ್ಕೆ ನನ್ನದೇ ಒಂದು ಲೆಕ್ಕವಿದೆ. ಅದನ್ನು ಇಲ್ಲಿ ಬಿಚ್ಚುವುದಿಲ್ಲ, ಜೊತೆಗೆ ಕುಳಿತು ಕಲಿಯುವಂಥದ್ದು. ಮೊದಲ ಸಲ 22 ಮಂದಿ ಒಪ್ಪಿದರು. ನಾಲ್ವರು ಮಧ್ಯದಲ್ಲೇ ನಿಂತರು. ಉಳಿದವರ ದನಿ ಐದಾರು ವಾರದಲ್ಲಿ ಬದಲಾಯಿತು. ತಮ್ಮ ಭಯದ ಮಾತು ಕಡಿಮೆಯಾಗಿ, ‘ನನ್ನ ಮನೆಯವರು’ ಹೇಗಿದ್ದಾರೆ ಎಂಬ ಚಿಂತೆ ಹೆಚ್ಚಾಯಿತು.

ಇಲ್ಲಿಯೂ ಒಂದು ಎಡವಟ್ಟಾಯಿತು. ದಿನಸಿ ಚೀಲಕ್ಕೆ ಸುವಾರ್ತಾ ಪತ್ರಿಕೆ ಸೇರಿಸಿದೆ. ಒಬ್ಬರು ಚೀಲವನ್ನೇ ಹಿಂದಿರುಗಿಸಿದರು: ‘ನಮ್ಮ ಹಸಿವಿಗೆ ಬೆಲೆ ಕಟ್ಟಬೇಡಿ’ ಎಂದರು. ಅವರ ಮಾತು ನ್ಯಾಯವಾಗಿತ್ತು. ಮರುದಿನ ಹೋಗಿ ಕ್ಷಮೆ ಕೇಳಿದೆ, ಅಂದಿನಿಂದ ಚೀಲದಲ್ಲಿ ಒಂದು ಚೀಟಿಯೂ ಇಟ್ಟಿಲ್ಲ. ಕೇಳಿದವರಿಗೆ ಮಾತ್ರ ನಮ್ಮ ನಂಬಿಕೆಯ ಸಾಕ್ಷಿ ಹೇಳಿದೆವು. ಪತ್ರಿಕೆ ಹಂಚಿದ ಕಾಲಕ್ಕಿಂತ ಹೆಚ್ಚು ಜನ ಕೇಳಿದ್ದು ಆಗಲೇ.

ಮುನ್ನೆಚ್ಚರಿಕೆ ಅವಿಶ್ವಾಸ ಎಂದು ವಾದಿಸಿದವರೂ ಇದ್ದರು. ದೇವರು ವ್ಯಾಧಿಯಿಂದ ಕಾಯುತ್ತಾನೆ ಎನ್ನುವ ಬೈಬಲಿನ ಕೀರ್ತನೆ 91 ಓದಿ ಮುಖಗವಸು ತೆಗೆದಿಟ್ಟರು. ದೇವಾಲಯದ ಶಿಖರದಲ್ಲಿ ಯೇಸುವಿಗೆ ಆ ಕೀರ್ತನೆಯ ಮಾತು ಎತ್ತಿ ಹೇಳಿದವನು ಸೈತಾನ ಎಂದು ನೆನಪಿಸಿದೆ. 1527ರಲ್ಲಿ ಜರ್ಮನಿಯ ವಿಟೆನ್‌ಬರ್ಗ್‌ಗೆ ಪ್ಲೇಗು ಬಂದಾಗ ಸಭೆಯ ಸುಧಾರಕ ಮಾರ್ಟಿನ್ ಲೂಥರ್ ಊರು ಬಿಡದೆ ರೋಗಿಗಳ ನಡುವೆ ಉಳಿದರು. ಅವರೇ ತಮ್ಮ ಪತ್ರದಲ್ಲಿ ಹೊಗೆ ಹಾಕುತ್ತೇನೆ, ಔಷಧಿ ತೆಗೆದುಕೊಳ್ಳುತ್ತೇನೆ, ಅಗತ್ಯವಿಲ್ಲದ ಕಡೆ ಹೋಗುವುದಿಲ್ಲ, ಆದರೆ ನೆರೆಯವನಿಗೆ ನಾನು ಬೇಕಾದರೆ ಹೋಗಿಯೇ ಹೋಗುತ್ತೇನೆ ಎಂದು ಬರೆದರು. ನಮ್ಮ ಸಭೆಗೆ ನಾನು ಹಾಕಿದ ಗೆರೆಯೂ ಇದೇ.

ಇದರ ಜೊತೆಗೇ ಇನ್ನೊಂದು ಪ್ರಯೋಗ ನಡೆಸಿದೆ. ಪ್ರತಿಯೊಬ್ಬರೂ ತಮ್ಮ ಭಯವನ್ನು ಚೀಟಿಯಲ್ಲಿ ಬರೆದು, ದಿನಾಂಕ ಹಾಕಿ, ಪೆಟ್ಟಿಗೆಯಲ್ಲಿ ಹಾಕಬೇಕು. 40 ದಿನದ ಮೇಲೆ ತೆರೆದು ಓದಬೇಕು. ಸುಮಾರು 60 ಚೀಟಿ ಬಂದವು. ನಿಜವಾಗಿ ನಡೆದದ್ದು ಏಳೋ ಎಂಟೋ ಇರಬೇಕು. ಅವುಗಳಲ್ಲಿ ಎರಡು ಸಾವು. ಆದ್ದರಿಂದ ‘ನೋಡಿ, ಏನೂ ಆಗಲಿಲ್ಲ’ ಎಂದು ನಾನು ಹೇಳಲಾರೆ. ಆ ಎರಡು ಮನೆಗಳಿಗೆ ಮೊದಲು ಓಡಿದವರು, ಅದೇ ಭಯವನ್ನು ತಮ್ಮ ಚೀಟಿಯಲ್ಲೂ ಬರೆದಿದ್ದವರು.

ಹಣದ ಕಥೆ ಹೇಳಿ ಮುಗಿಸುತ್ತೇನೆ. ಆಪದ್ಧನ ತಳ ಕಂಡಾಗ, ಬಂದ ಕಾಣಿಕೆಯಲ್ಲಿ ನೂರಕ್ಕೆ 40ರಷ್ಟನ್ನು ಹೊರಗಿನವರಿಗೇ ಕೊಡೋಣ ಎಂದೆ. ಲೆಕ್ಕ ನೋಡುವ ಸಹೋದರರು ಪುಸ್ತಕ ಮುಚ್ಚಿ ಎದ್ದರು. ಯೆರೂಸಲೇಮಿಗೆ ಮುತ್ತಿಗೆ ಬಿದ್ದಿದ್ದಾಗ, ತಾನೇ ಸೆರೆಯಲ್ಲಿದ್ದಾಗ, ಪ್ರವಾದಿ ಯೆರೆಮೀಯನು, ನಾಡಿನಲ್ಲಿ ಮತ್ತೆ ಹೊಲಮನೆ ಕೊಳ್ಳುವ ಕಾಲ ಬರುತ್ತದೆ ಎಂದು ನಂಬಿ, 17 ಶೆಕೆಲ್ ತೂಕದ ಬೆಳ್ಳಿ ತೂಗಿ ತನ್ನೂರು ಅನಾತೋತಿನ ಹೊಲ ಕೊಂಡದ್ದನ್ನು, ಕ್ರಯಪತ್ರವನ್ನು ಮಣ್ಣಿನ ಪಾತ್ರೆಯಲ್ಲಿ ಇಡಿಸಿದ್ದನ್ನು ಅವರ ಮುಂದೆ ಓದಿದೆ. ಅವರು ಮತ್ತೆ ಕುಳಿತರು. ಐದು ತಿಂಗಳು ಬಾಡಿಗೆಗೆ ಪರದಾಡಿದೆವು, ನನ್ನ ಸಂಬಳ ಎರಡು ಸಲ ತಪ್ಪಿತು. ಸುಮಾರು ಒಂದೂವರೆ ವರ್ಷಕ್ಕೆ ಕಾಣಿಕೆ ಹಳೆಯ ಮಟ್ಟಕ್ಕೆ ಬಂತು. ಜನರು ಈಗ 90ರ ಆಸುಪಾಸು, ಆದರೆ ಅವರಲ್ಲಿ 50 ಮಂದಿಗಾದರೂ ಒಂದೊಂದು ಮನೆಯ ಭಾರವಿದೆ. ಮೊದಲು 110 ಮಂದಿ ಇದ್ದಾಗ ಅಂಥವರು ಹತ್ತು ಮಂದಿಯೂ ಇರಲಿಲ್ಲ.

‘ನಾವು ಬೇಡವಾದೆವು’ ಎಂದು ಅತ್ತ ಆ ತಾಯಿಯ ಬಳಿ ನಾನೇ ಹೋಗಿ ಒಂದು ಮನೆಯ ಫೋನ್ ನಂಬರ್ ಕೊಟ್ಟಿದ್ದೆ. ಕಿಟಕಿಯ ಕಂಬಿಯೊಳಗಿಂದ ಕೈ ಚಾಚಿ ಚೀಟಿ ತೆಗೆದುಕೊಂಡರು. ಕಳೆದ ವಾರ ಅವರ ಹೆಸರಿನ ಮುಂದೆ ಮೂರನೆಯ ಮನೆ ಬರೆದೆ.