ಕಡಿಮೆ ಖರ್ಚಿನಲ್ಲಿ ಗೆಳೆಯರೊಡನೆ ಅಂಡಮಾನ್: ಹಡಗಿನ ವೇಳೆ ನೋಡಿ ಯೋಜನೆ ಹಾಕುವ ಬಗೆ

ಅಂಡಮಾನಿಗೆ ಹೊರಡುವ ಗೆಳೆಯರ ಗುಂಪುಗಳು ಸಾಮಾನ್ಯವಾಗಿ ಮೊದಲು ವಿಮಾನದ ಟಿಕೆಟ್ ಕೊಳ್ಳುತ್ತವೆ, ಆಮೇಲೆ ಕೋಣೆ ಹುಡುಕುತ್ತವೆ, ದ್ವೀಪದಿಂದ ದ್ವೀಪಕ್ಕೆ ಹೋಗುವ ಹಡಗಿನ ವಿಚಾರಕ್ಕೆ ಎಲ್ಲಕ್ಕಿಂತ ಕೊನೆಯಲ್ಲಿ ಬರುತ್ತವೆ. ಅಷ್ಟು ಹೊತ್ತಿಗೆ ಅಗ್ಗದ ಸೀಟುಗಳು ಮುಗಿದಿರುತ್ತವೆ. ದುಬಾರಿ ಹಡಗು ಹಿಡಿಯಬೇಕಾಗುತ್ತದೆ, ಇಲ್ಲವೇ ಒಂದು ದಿನವನ್ನು ಜೆಟ್ಟಿಯ ಬಳಿಯೇ ಕಳೆಯಬೇಕಾಗುತ್ತದೆ. ದ್ವೀಪಗಳ ಪ್ರವಾಸದಲ್ಲಿ ಖರ್ಚನ್ನೂ ವಿಶ್ರಾಂತಿಯನ್ನೂ ನಿರ್ಧರಿಸುವುದು ಹಡಗು. ಆದ್ದರಿಂದ ಕೆಲಸದ ಒತ್ತಡದಿಂದ ತಪ್ಪಿಸಿಕೊಂಡು ಒಂದು ವಾರ ಹಗುರಾಗಿ ಬರಬೇಕೆನ್ನುವವರು ವಿಮಾನದ ದರವನ್ನೂ ಹಡಗಿನ ವೇಳಾಪಟ್ಟಿಯನ್ನೂ ಅಕ್ಕಪಕ್ಕದಲ್ಲಿಟ್ಟುಕೊಂಡು ಯೋಜನೆ ಹಾಕಬೇಕು.

ಮೊದಲ ತೀರ್ಮಾನ ಎಷ್ಟು ದ್ವೀಪ ಎಂಬುದು. ನನ್ನ ಉತ್ತರ ಮೂರು: ಪೋರ್ಟ್ ಬ್ಲೇರ್ ಇರುವ ದಕ್ಷಿಣ ಅಂಡಮಾನ್, ಹ್ಯಾವ್‌ಲಾಕ್ ಮತ್ತು ನೀಲ್. 2018ರ ಡಿಸೆಂಬರಿನಲ್ಲಿ ಹ್ಯಾವ್‌ಲಾಕಿಗೆ ಸ್ವರಾಜ್ ದ್ವೀಪ, ನೀಲ್‌ಗೆ ಶಹೀದ್ ದ್ವೀಪ ಎಂದು ಹೆಸರಿಡಲಾಯಿತು. 2024ರಲ್ಲಿ ಪೋರ್ಟ್ ಬ್ಲೇರ್ ಶ್ರೀ ವಿಜಯಪುರಂ ಆಯಿತು. ಟಿಕೆಟ್ಟುಗಳಲ್ಲಿ ಎರಡು ಬಗೆಯ ಹೆಸರುಗಳೂ ಕಾಣಬಹುದಾದ್ದರಿಂದ ಇವನ್ನು ನೆನಪಿನಲ್ಲಿಡುವುದು ಒಳ್ಳೆಯದು. ಬಾರಾಟಾಂಗಿನ ಸುಣ್ಣದ ಕಲ್ಲಿನ ಗುಹೆಗಳನ್ನೂ ಉತ್ತರದ ದಿಗ್ಲಿಪುರವನ್ನೂ ಇದೇ ವಾರದಲ್ಲಿ ತುರುಕಲು ಹೋದರೆ ನಸುಕಿನ ಮೂರು ಗಂಟೆಗೆ ಅಲಾರಂ ಇಡಬೇಕಾಗುತ್ತದೆ. ಕಚೇರಿಯ ದಣಿವು ಕಳೆಯಲು ಹೋದವರಿಗೆ ಅದು ಬೇಡ.

ರಜೆಯ ಲೆಕ್ಕ ಹೀಗೆ. ಐದು ದಿನ ರಜೆ ಹಾಕಿದರೆ ಎರಡೂ ಬದಿಯ ವಾರಾಂತ್ಯಗಳು ಸೇರಿ ಒಂಬತ್ತು ದಿನ ಸಿಗುತ್ತವೆ. ಶನಿವಾರ ಬೆಂಗಳೂರಿನಿಂದ ನೇರ ವಿಮಾನದಲ್ಲಿ ಹೊರಟರೆ ಸುಮಾರು ಎರಡೂವರೆ ಗಂಟೆಯಲ್ಲಿ ಪೋರ್ಟ್ ಬ್ಲೇರ್ ತಲುಪಬಹುದು. ಅಂದು ಸಂಜೆ ಸೆಲ್ಯುಲರ್ ಜೈಲು. ಭಾನುವಾರ ಬೆಳಿಗ್ಗೆ ಹ್ಯಾವ್‌ಲಾಕಿಗೆ ಹೊರಟು ಅಲ್ಲಿ ಮೂರು ರಾತ್ರಿ, ಬುಧವಾರ ನೀಲ್‌ಗೆ ದಾಟಿ ಅಲ್ಲಿ ಎರಡು ರಾತ್ರಿ, ಶುಕ್ರವಾರ ಪೋರ್ಟ್ ಬ್ಲೇರಿಗೆ ವಾಪಸು, ಶನಿವಾರ ವಿಮಾನ. ಭಾನುವಾರ ಮನೆಯಲ್ಲಿ ಬಟ್ಟೆ ಒಗೆದು ನಿದ್ದೆ ಮಾಡಲು ಉಳಿಯುತ್ತದೆ. ಆ ಭಾನುವಾರವನ್ನೂ ಪ್ರವಾಸಕ್ಕೆ ಸೇರಿಸೋಣ ಎನ್ನುವ ಒಬ್ಬರು ಪ್ರತಿ ಗುಂಪಿನಲ್ಲೂ ಇರುತ್ತಾರೆ. ಅವರ ಮಾತಿಗೆ ಒಪ್ಪಬಾರದು.

ಶುಕ್ರವಾರವೇ ಪೋರ್ಟ್ ಬ್ಲೇರಿಗೆ ಮರಳಬೇಕೆಂದು ಹೇಳುವುದಕ್ಕೆ ಕಾರಣವಿದೆ. ಗಾಳಿ ಜೋರಾದರೆ ಹಡಗುಗಳು ರದ್ದಾಗುತ್ತವೆ. ಬೆಳಿಗ್ಗೆ ನೀಲ್‌ನಿಂದ ಹೊರಟು ಮಧ್ಯಾಹ್ನದ ವಿಮಾನ ಹಿಡಿಯುವ ಯೋಜನೆ ಕಾಗದದ ಮೇಲೆ ಚೆನ್ನಾಗಿ ಕಾಣುತ್ತದೆ, ಆದರೆ ಒಂದು ಹಡಗು ನಿಂತರೆ ಗುಂಪಿನ ಎಲ್ಲರೂ ಕೊನೆಯ ಗಳಿಗೆಯ ದರದಲ್ಲಿ ಹೊಸ ವಿಮಾನ ಟಿಕೆಟ್ ಕೊಳ್ಳಬೇಕಾಗುತ್ತದೆ. ಅಗ್ಗದ ಪ್ರವಾಸ ದುಬಾರಿಯಾಗುವುದು ಹೆಚ್ಚಾಗಿ ಇಲ್ಲಿಯೇ. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ನೈಋತ್ಯ ಮಾರುತದ ಮಳೆ, ನವೆಂಬರ್ ಸುಮಾರಿಗೆ ಬಂಗಾಳ ಕೊಲ್ಲಿಯ ಚಂಡಮಾರುತಗಳು, ಡಿಸೆಂಬರ್ ಕೊನೆಯಲ್ಲಿ ಹೊಸವರ್ಷದ ನೂಕುನುಗ್ಗಲು. ದುರ್ಗಾಪೂಜೆಯ ರಜೆಯಲ್ಲಿ ಬಂಗಾಳದ ಪ್ರವಾಸಿಗರು ದೊಡ್ಡ ಸಂಖ್ಯೆಯಲ್ಲಿ ಬರುತ್ತಾರೆ. ಇವನ್ನೆಲ್ಲ ಕಳೆದರೆ ಜನವರಿಯ ಕೊನೆಯಿಂದ ಮಾರ್ಚ್‌ವರೆಗಿನ ಅವಧಿ ಉಳಿಯುತ್ತದೆ: ಸಮುದ್ರ ಶಾಂತ, ನೀರು ತಿಳಿ, ದರವೂ ಸಹನೀಯ. ಸರ್ಕಾರಿ ರಜೆಗಳು ಒಟ್ಟಾಗಿ ಬರುವ ವಾರ ಕಚೇರಿಗೆ ಅನುಕೂಲವಾಗಿ ಕಂಡರೂ ವಿಮಾನದ ದರಕ್ಕೆ ಪ್ರತಿಕೂಲ. ಚೆನ್ನೈ, ಕೋಲ್ಕತ್ತ ಮತ್ತು ವಿಶಾಖಪಟ್ಟಣದಿಂದ ಪ್ರಯಾಣಿಕರ ಹಡಗುಗಳೂ ಇವೆ, ಬಂಕ್ ದರ್ಜೆಯ ದರ ಬಹಳ ಕಡಿಮೆ. ಆದರೆ ಒಂದು ದಿಕ್ಕಿನ ಪ್ರಯಾಣಕ್ಕೇ ಮೂರು ದಿನದಷ್ಟು ಬೇಕಾಗುವುದರಿಂದ ನೌಕರಿಯಲ್ಲಿರುವವರಿಗೆ ಅದು ಒದಗುವುದಿಲ್ಲ.

ದ್ವೀಪಗಳ ನಡುವೆ ಎರಡು ಬಗೆಯ ಹಡಗುಗಳಿವೆ. ಸರ್ಕಾರಿ ಹಡಗುಗಳು ಪೋರ್ಟ್ ಬ್ಲೇರಿನ ಫೀನಿಕ್ಸ್ ಬೇ ಜೆಟ್ಟಿಯಿಂದ ಹೊರಡುತ್ತವೆ. ದರ ಕೆಲವು ನೂರು ರೂಪಾಯಿ, ಹ್ಯಾವ್‌ಲಾಕಿಗೆ ಎರಡೂವರೆ ಗಂಟೆಯ ಆಸುಪಾಸು. ಮಕ್ರೂಜ್, ನಾಟಿಕಾ, ಗ್ರೀನ್ ಓಷನ್‌ನಂಥ ಖಾಸಗಿ ಹಡಗುಗಳು ಸಾಮಾನ್ಯವಾಗಿ ಅದೇ ಊರಿನ ಹ್ಯಾಡೋ ಜೆಟ್ಟಿಯಿಂದ ಹೊರಟು ಸುಮಾರು ಒಂದೂವರೆಯಿಂದ ಎರಡು ಗಂಟೆಯಲ್ಲಿ ತಲುಪಿಸುತ್ತವೆ, ಆದರೆ ದರ ಸಾವಿರ ದಾಟುತ್ತದೆ. ಎರಡೂ ಜೆಟ್ಟಿಗಳು ಬೇರೆ ಬೇರೆ ಇರುವುದರಿಂದ ಆಟೋ ಹತ್ತುವ ಮುನ್ನ ಟಿಕೆಟ್ಟಿನಲ್ಲಿ ಯಾವ ಜೆಟ್ಟಿ ಎಂದು ಬರೆದಿದೆಯೋ ಓದಿಕೊಳ್ಳಿ. ಖಾಸಗಿ ಹಡಗಿನ ಟಿಕೆಟ್ಟನ್ನು ವಾರಗಳ ಮೊದಲೇ ಕಾಯ್ದಿರಿಸಬಹುದು. ಸರ್ಕಾರಿ ಹಡಗಿನ ಟಿಕೆಟ್ಟು ಪ್ರಯಾಣಕ್ಕೆ ಕೆಲವೇ ದಿನ ಮೊದಲು ತೆರೆಯುತ್ತದೆ. ಅದರಲ್ಲಿ ದ್ವೀಪವಾಸಿಗಳಿಗೆ ಆದ್ಯತೆ ಇದೆ, ಇರುವುದೂ ನ್ಯಾಯವೇ, ಏಕೆಂದರೆ ಅವರ ಆಸ್ಪತ್ರೆ, ಕಾಲೇಜು, ಸಂತೆ ಎಲ್ಲಕ್ಕೂ ಅದೇ ದಾರಿ.

ಹಾಗಾಗಿ ಎರಡನ್ನೂ ಬೆರೆಸುವುದು ಜಾಣತನ. ಹೋಗುವಾಗಿನ ಪೋರ್ಟ್ ಬ್ಲೇರ್-ಹ್ಯಾವ್‌ಲಾಕ್ ಪ್ರಯಾಣವನ್ನು ಖಾಸಗಿ ಹಡಗಿನಲ್ಲಿ ಮೊದಲೇ ಗಟ್ಟಿ ಮಾಡಿಕೊಂಡು, ಉಳಿದ ಎರಡು ಪ್ರಯಾಣಗಳಿಗೆ ಸರ್ಕಾರಿ ಟಿಕೆಟ್ಟಿಗೆ ಪ್ರಯತ್ನಿಸಿ. ಸಿಗದಿದ್ದರೆ ಖಾಸಗಿ ಇದ್ದೇ ಇದೆ. ಹಣದ ಮಾತು ಬಿಟ್ಟರೂ ನನಗೆ ಸರ್ಕಾರಿ ಹಡಗೇ ಇಷ್ಟ. ಖಾಸಗಿ ಹಡಗಿನಲ್ಲಿ ಹೆಚ್ಚಾಗಿ ಮುಚ್ಚಿದ ಗಾಜಿನ ಹಿಂದೆ ಎ.ಸಿ.ಯಲ್ಲಿ ಕೂರುತ್ತೇವೆ, ಸರ್ಕಾರಿ ಹಡಗಿನಲ್ಲಿ ಮೇಲಿನ ಡೆಕ್ಕಿಗೆ ಹೋಗಿ ಕಂಬಿ ಹಿಡಿದು ಗಾಳಿಗೆ ನಿಲ್ಲಬಹುದು. ನೀಲ್ ದ್ವೀಪ ಅಂಡಮಾನಿನ ತರಕಾರಿ ತೋಟವೆಂದೇ ಹೆಸರಾದ್ದರಿಂದ ಅಲ್ಲಿಂದ ಮರಳುವ ಹಡಗಿನಲ್ಲಿ ಬದನೆ, ಸೌತೆಯ ಮೂಟೆಗಳೂ ನಮ್ಮ ಬೆನ್ನುಚೀಲಗಳೂ ಒಂದೇ ಮೂಲೆಯಲ್ಲಿ ಬಿದ್ದಿರುತ್ತವೆ, ಮೂಟೆಯ ಒಡೆಯ ಅದರ ಮೇಲೆಯೇ ತಲೆಯಿಟ್ಟು ಮಲಗಿರುತ್ತಾನೆ. ಹೊಟ್ಟೆ ತೊಳಸುವವರಿಗೂ ತೆರೆದ ಡೆಕ್ಕು ಒಳ್ಳೆಯದು. ಅಂಥವರು ಬೆಳಿಗ್ಗೆ ಎರಡು ಇಡ್ಲಿಯಷ್ಟೇ ತಿಂದು, ವಾಂತಿ ತಡೆಯುವ ಮಾತ್ರೆಯನ್ನು ವೈದ್ಯರನ್ನು ಕೇಳಿಯೇ ಹೊರಡುವ ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲು ತೆಗೆದುಕೊಳ್ಳಬೇಕು. ಹಡಗು ಓಲಾಡಲು ತೊಡಗಿದ ಮೇಲೆ ನುಂಗಿದರೆ ಪ್ರಯೋಜನ ಕಡಿಮೆ. ಎಲ್ಲ ಹಡಗಿಗೂ ಫೋಟೋ ಇರುವ ಗುರುತಿನ ಚೀಟಿ ಬೇಕು. ಈ ಮೂರು ದ್ವೀಪಗಳಿಗೆ ಭಾರತೀಯರಿಗೆ ಬೇರೆ ಪರವಾನಗಿ ಬೇಕಿಲ್ಲ. ನಿಕೋಬಾರ್ ದ್ವೀಪಗಳ ವಿಷಯ ಬೇರೆ.

ಇಳಿದ ಮೇಲೆ ಮೊದಲು ಗಮನಕ್ಕೆ ಬರುವುದು ಬೆಳಕು. ಅಂಡಮಾನ್ ಬೆಂಗಳೂರಿಗಿಂತ ಬಹಳ ಪೂರ್ವಕ್ಕಿದ್ದರೂ ಗಡಿಯಾರ ಒಂದೇ. ಚಳಿಗಾಲದಲ್ಲಿ ಸಂಜೆ ಐದರ ಆಸುಪಾಸಿಗೇ ಸೂರ್ಯ ಮುಳುಗುತ್ತಾನೆ. ಮಧ್ಯಾಹ್ನ ಉಂಡು ಮಲಗಿ ನಾಲ್ಕೂವರೆಗೆ ಎದ್ದು ಕಡಲಿಗೆ ಹೊರಟರೆ ಕತ್ತಲಿಗೇ ತಲುಪುತ್ತೀರಿ. ಬೇಗ ಏಳುವುದು, ಎಂಟಕ್ಕೆ ಉಣ್ಣುವುದು, ಒಂಬತ್ತಕ್ಕೆ ಮಲಗುವುದು ಇಲ್ಲಿ ತಾನಾಗಿಯೇ ರೂಢಿಯಾಗುತ್ತದೆ. ರಾತ್ರಿ ಹನ್ನೊಂದಕ್ಕೆ ಮೀಟಿಂಗಿನಲ್ಲಿ ಕೂರುವವರಿಗೆ ಇಡೀ ಪ್ರವಾಸದ ಉಪಕಾರ ಇದೇ ಇರಬಹುದು. ಸಿಗ್ನಲ್ ಇಲ್ಲ ಎಂಬ ನೆಪ ಮಾತ್ರ ಈಗ ನಡೆಯುವುದಿಲ್ಲ. 2020ರ ಆಗಸ್ಟಿನಲ್ಲಿ ಚೆನ್ನೈನಿಂದ ಸಮುದ್ರದಡಿಯ ಕೇಬಲ್ ಬಂದ ಮೇಲೆ ಹ್ಯಾವ್‌ಲಾಕಿನಲ್ಲೂ ಮೊಬೈಲ್ ನಡೆಯುತ್ತದೆ. ಆದ್ದರಿಂದ ಲ್ಯಾಪ್‌ಟಾಪ್ ಮನೆಯಲ್ಲೇ ಇರಲಿ, ಕಚೇರಿಯ ಮೇಲ್ ಆ್ಯಪ್ ತೆಗೆದುಹಾಕಿ, ತುರ್ತಾದರೆ ಕರೆ ಮಾಡಲು ಒಬ್ಬ ಸಹೋದ್ಯೋಗಿಗೆ ಮಾತ್ರ ಹೇಳಿಡಿ. ಈ ನಿಯಮ ಗುಂಪಿನ ಎಲ್ಲರಿಗೂ ಅನ್ವಯಿಸಬೇಕು. ಒಬ್ಬ ಮರಳಿನ ಮೇಲೆ ಕೂತು ಕಾಲ್ ತೆಗೆದುಕೊಂಡರೆ ಉಳಿದವರ ಕೈಯೂ ಜೇಬಿಗೆ ಹೋಗುತ್ತದೆ.

ಹ್ಯಾವ್‌ಲಾಕಿನಲ್ಲಿ ಕಡಲತೀರಗಳನ್ನು ಸಂಖ್ಯೆಯಿಂದಲೂ ಕರೆಯುತ್ತಾರೆ. ಏಳನೆಯದು ರಾಧಾನಗರ, ಐದನೆಯದು ವಿಜಯನಗರ, ಮೂರನೆಯದು ಗೋವಿಂದನಗರ. ದೇಶ ವಿಭಜನೆಯ ನಂತರ ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತ ಕುಟುಂಬಗಳು ಇಲ್ಲಿ ನೆಲೆಸಿದವು. ಇಲ್ಲಿನ ಊರುಗಳಿಗೆ ರಾಧೆ, ಕೃಷ್ಣ, ಗೋವಿಂದರ ಹೆಸರುಗಳು. ನೀಲ್‌ನಲ್ಲಿ ರಾಮನಗರ, ಸೀತಾಪುರ, ಲಕ್ಷ್ಮಣಪುರ, ಭರತಪುರ. ಜೆಟ್ಟಿಯಿಂದ ರಾಧಾನಗರಕ್ಕೆ ಸುಮಾರು ಹನ್ನೆರಡು ಕಿಲೋಮೀಟರ್. ಟ್ಯಾಕ್ಸಿಗೆ ಹೋಲಿಸಿದರೆ ಬಾಡಿಗೆ ಸ್ಕೂಟರ್ ಬಹಳ ಅಗ್ಗ: ದಿನಕ್ಕೆ ಐನೂರರ ಆಸುಪಾಸು, ನಾಲ್ವರಿಗೆ ಎರಡು ಸಾಕು. ಗುಂಪಿನಲ್ಲಿ ಸಮಸಂಖ್ಯೆ ಇದ್ದರೆ ಕೋಣೆಯೂ ಸ್ಕೂಟರೂ ಸರಿಯಾಗಿ ಹಂಚಿಕೆಯಾಗುತ್ತವೆ. ಐವರಾದರೆ ಒಬ್ಬನ ಲೆಕ್ಕ ಸದಾ ತೊಡಕಾಗುತ್ತದೆ. ಚಾಲನಾ ಪರವಾನಗಿ ಮರೆಯಬೇಡಿ, ಹೆಲ್ಮೆಟ್ ಕೇಳಿ ಪಡೆಯಿರಿ, ಗಾಡಿಯಲ್ಲಿ ಮೊದಲೇ ಇರುವ ಗೀರುಗಳ ಫೋಟೋ ತೆಗೆದಿಟ್ಟುಕೊಳ್ಳಿ.

ಯಾವ ತೀರಕ್ಕೆ ಯಾವ ಹೊತ್ತಿಗೆ ಹೋಗಬೇಕೆಂಬುದನ್ನು ಉಬ್ಬರ-ಇಳಿತ ನೋಡಿ ನಿರ್ಧರಿಸಬೇಕು. ನಮ್ಮವರು ಹೆಚ್ಚಾಗಿ ಇದನ್ನು ಗಮನಿಸುವುದಿಲ್ಲ. ಇಲ್ಲಿ ದಿನಕ್ಕೆ ಎರಡು ಬಾರಿ ನೀರು ಏರುತ್ತದೆ, ಎರಡು ಬಾರಿ ಇಳಿಯುತ್ತದೆ, ಮತ್ತು ಆ ವೇಳೆ ದಿನದಿಂದ ದಿನಕ್ಕೆ ಸುಮಾರು ಐವತ್ತು ನಿಮಿಷ ಮುಂದೆ ಸರಿಯುತ್ತದೆ. ವಿಜಯನಗರದ ತೀರದಲ್ಲಿ ಇಳಿತದ ಹೊತ್ತಿಗೆ ಕಡಲು ಬಹುದೂರ ಹಿಂದೆ ಸರಿದು, ಬೆಳಿಗ್ಗೆ ತೇಲುತ್ತಿದ್ದ ದೋಣಿಗಳು ಮರಳಿನ ಮೇಲೆ ಒಂದು ಮಗ್ಗುಲಿಗೆ ವಾಲಿ ಕೂತಿರುತ್ತವೆ. ಒದ್ದೆ ಮರಳಿನ ಮೇಲೆ ಪುಟ್ಟ ಏಡಿಗಳು ಸಾಸಿವೆಯಿಂದ ಬಟಾಣಿ ಗಾತ್ರದವರೆಗಿನ ಮರಳಿನ ಉಂಡೆಗಳನ್ನು ಬಿಲದ ಸುತ್ತ ಸಾಲಾಗಿ ಜೋಡಿಸಿರುತ್ತವೆ. ನೋಡಲು ಸೊಗಸು, ಈಜಲು ಅಸಾಧ್ಯ. ರಾಧಾನಗರ ಪಶ್ಚಿಮಕ್ಕೆ ಮುಖ ಮಾಡಿದ ಮರಳಿನ ತೀರ. ಅಲ್ಲಿ ಮಧ್ಯಾಹ್ನ ಮೂರಕ್ಕೆ ಹೋಗಿ ಸ್ನಾನ ಮಾಡಿ ಸೂರ್ಯಾಸ್ತ ನೋಡಿ ಬರಬಹುದು. ಜೀವರಕ್ಷಕರು ಗುರುತು ಮಾಡಿದ ಜಾಗದಲ್ಲೇ ನೀರಿಗಿಳಿಯಿರಿ, ಮೊಸಳೆಯ ಎಚ್ಚರಿಕೆ ಫಲಕವಿರುವ ಕಡೆ ಸುಳಿಯಬೇಡಿ. ಉಪ್ಪುನೀರಿನ ಮೊಸಳೆಗಳು ಈ ದ್ವೀಪಗಳಲ್ಲಿ ನಿಜಕ್ಕೂ ಇವೆ.

ಸ್ಕೂಬಾ ಡೈವಿಂಗ್ ಮಾಡುವ ಆಸೆಯಿದ್ದರೆ ಅದನ್ನು ಹ್ಯಾವ್‌ಲಾಕಿನ ಮೊದಲ ಪೂರ್ಣ ದಿನಕ್ಕೇ, ಅಂದರೆ ಸೋಮವಾರಕ್ಕೆ ಇಟ್ಟುಕೊಳ್ಳಿ. ಒತ್ತಡದಲ್ಲಿ ಉಸಿರಾಡಿದಾಗ ರಕ್ತದಲ್ಲಿ ಕರಗಿದ ಸಾರಜನಕ ನಿಧಾನವಾಗಿ ಹೊರಹೋಗಬೇಕಾದ್ದರಿಂದ ಡೈವಿಂಗ್ ಆದ ಮೇಲೆ ಹದಿನೆಂಟರಿಂದ ಇಪ್ಪತ್ನಾಲ್ಕು ಗಂಟೆ ವಿಮಾನ ಹತ್ತಬಾರದೆಂದು ಕಲಿಸುವವರು ಹೇಳುತ್ತಾರೆ. ಸೋಮವಾರ ಮೋಡವಿದ್ದರೆ ಮಂಗಳವಾರಕ್ಕೆ ಮುಂದೂಡಲೂ ಅವಕಾಶ ಉಳಿಯುತ್ತದೆ. ಈಜು ಬಾರದವರೂ ಮಾಡಬಹುದು, ಆದರೆ ನೆಗಡಿ, ಆಸ್ತಮಾ, ಕಿವಿನೋವು ಇದ್ದರೆ ಮುಚ್ಚಿಡಬಾರದು. ಇದು ಪ್ರವಾಸದ ದೊಡ್ಡ ಐಚ್ಛಿಕ ಖರ್ಚು. ಎಲ್ಲರೂ ಮಾಡಲೇಬೇಕೆಂಬ ಒತ್ತಾಯ ಬೇಡ.

ನೀಲ್‌ನಲ್ಲಿ ಸ್ಕೂಟರ್ ಕೂಡ ಬೇಕಾಗಿಲ್ಲ, ಬಾಡಿಗೆ ಸೈಕಲ್ಲಿನಲ್ಲಿ ದ್ವೀಪವನ್ನೆಲ್ಲ ಸುತ್ತಬಹುದು. ಸೀತಾಪುರದಲ್ಲಿ ಸೂರ್ಯೋದಯ, ಲಕ್ಷ್ಮಣಪುರದಲ್ಲಿ ಸೂರ್ಯಾಸ್ತ. ಅಲೆಗಳು ಕೊರೆದ ಕಲ್ಲಿನ ಕಮಾನಿನ ಬಳಿಗೆ ಇಳಿತದ ಹೊತ್ತಿನಲ್ಲೇ ಹೋಗಬೇಕು, ಜಾರದ ಚಪ್ಪಲಿ ಬೇಕು. ಭರತಪುರದಲ್ಲಿ ಈಜಲು ಇದಕ್ಕೆ ತದ್ವಿರುದ್ಧವಾಗಿ ಉಬ್ಬರವೇ ಅನುಕೂಲ. ಇವಿಷ್ಟು ಮುಗಿದ ಮೇಲೆ ಮಾಡಲು ಏನೂ ಇಲ್ಲ, ಅದಕ್ಕೇ ಅಲ್ಲಿ ಎರಡು ರಾತ್ರಿ.

ಊಟ ಮತ್ತು ವಸತಿಯಲ್ಲಿ ಉಳಿತಾಯ ಸುಲಭ. ಸಮುದ್ರಕ್ಕೆ ಮುಖ ಮಾಡಿದ ಕೋಣೆಗಿಂತ ಐದು ನಿಮಿಷ ನಡೆಯುವಷ್ಟು ಒಳಗಿರುವ, ಅಡಿಕೆ ತೋಟದ ನಡುವಿನ ಹೋಂಸ್ಟೇಗಳು ಅರ್ಧ ದರಕ್ಕೇ ಸಿಗುತ್ತವೆ. ಮಾರುಕಟ್ಟೆಯ ಬಳಿಯ ಬಂಗಾಳಿ ಊಟದ ಮನೆಗಳಲ್ಲಿ ಅನ್ನ, ಬೇಳೆ, ಪಲ್ಯ, ಮೀನಿನ ಸಾರಿನ ತಟ್ಟೆಯೂಟ ಹೊಟ್ಟೆ ತುಂಬಿಸುತ್ತದೆ. ಸಸ್ಯಾಹಾರಿಗಳು ಮೊದಲೇ ಹೇಳಿದರೆ ಬೇರೆ ಮಾಡಿಕೊಡುತ್ತಾರೆ. ಪೋರ್ಟ್ ಬ್ಲೇರಿನ ಅಬರ್ಡೀನ್ ಬಜಾರಿನಲ್ಲಿ ತಮಿಳರ ಹೋಟೆಲುಗಳಿರುವುದರಿಂದ ಇಡ್ಲಿ-ದೋಸೆಗೆ ಕೊರತೆಯಿಲ್ಲ. ಚಿಕ್ಕ ದ್ವೀಪಗಳಲ್ಲಿ ಎ.ಟಿ.ಎಂ. ಕಡಿಮೆ, ಯುಪಿಐ ಕೆಲವೊಮ್ಮೆ ಕೈಕೊಡುತ್ತದೆ. ಪೋರ್ಟ್ ಬ್ಲೇರಿನಲ್ಲೇ ನಗದು ತೆಗೆದಿಟ್ಟುಕೊಳ್ಳಿ.

ನನ್ನ ಅಂದಾಜಿನಲ್ಲಿ ತಲಾ 30ರಿಂದ 40 ಸಾವಿರ ರೂಪಾಯಿಯಲ್ಲಿ ಈ ಪ್ರವಾಸ ಮುಗಿಯಬೇಕು. ಅದರಲ್ಲಿ ಅರ್ಧದ ಹತ್ತಿರ ಹತ್ತಿರ ವಿಮಾನಕ್ಕೇ ಹೋಗುತ್ತದೆ. ಹೊರಡುವ ಮೊದಲೇ ಎಲ್ಲರೂ ಸಮನಾಗಿ ಹಣ ಹಾಕಿ ಒಬ್ಬರ ಕೈಗೆ ಕೊಡಿ. ಹಡಗು, ಕೋಣೆ, ಸ್ಕೂಟರ್, ಮೂರು ಹೊತ್ತಿನ ಊಟ ಇದರಿಂದ. ಡೈವಿಂಗ್, ಬಿಯರು, ಮುತ್ತಿನ ಸರ ಅವರವರ ಜೇಬಿನಿಂದ. ಪ್ರತಿ ಚಹಾಕ್ಕೂ ಆ್ಯಪಿನಲ್ಲಿ ಲೆಕ್ಕ ಬರೆಯುವುದು ಕಚೇರಿಯ ಎಕ್ಸೆಲ್ ಹಾಳೆಯನ್ನು ಜೊತೆಯಲ್ಲಿ ತಂದಂತೆಯೇ. ಹೆಚ್ಚು ದುಡಿಯುವ ಗೆಳೆಯನ ಅಭಿರುಚಿಗೆ ತಕ್ಕಂತೆ ಕೋಣೆ ಆರಿಸಬೇಡಿ. ಕಡಿಮೆ ಸಂಬಳದವನು ಎಷ್ಟಕ್ಕೆ ಒಪ್ಪುತ್ತಾನೆಂದು ಮೊದಲು ಬೇರೆಯಾಗಿ ಕೇಳಿ, ಅದನ್ನೇ ಎಲ್ಲರ ಮಿತಿಯಾಗಿಸಿ.

ಶುಕ್ರವಾರ ಹಡಗು ವೇಳೆಗೆ ಸರಿಯಾಗಿ ಬಂದರೆ ಮಧ್ಯಾಹ್ನ ಪೋರ್ಟ್ ಬ್ಲೇರಿನ ಎದುರಿಗೇ ಇರುವ ಪುಟ್ಟ ರಾಸ್ ದ್ವೀಪಕ್ಕೆ ದೋಣಿಯಲ್ಲಿ ಹೋಗಿಬರಬಹುದು. ಬ್ರಿಟಿಷರ ಆಡಳಿತ ಕೇಂದ್ರವಾಗಿದ್ದ ಅಲ್ಲಿನ ಕಟ್ಟಡಗಳನ್ನು ಈಗ ಆಲದ ಜಾತಿಯ ಮರಗಳ ಬೇರುಗಳು ಅಪ್ಪಿ ಹಿಡಿದಿವೆ. ಹಡಗು ತಡವಾದರೆ ರಾಸ್ ಬಿಟ್ಟುಬಿಡಿ. ರಾತ್ರಿ ಚೀಲ ಕಟ್ಟುವಾಗ ಎಲ್ಲರ ಜೇಬುಗಳನ್ನೂ ಚಪ್ಪಲಿ ಕವರುಗಳನ್ನೂ ಒಮ್ಮೆ ಝಾಡಿಸಿ ನೋಡಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಹವಳಕ್ಕೂ ಹಲವು ಬಗೆಯ ಚಿಪ್ಪುಗಳಿಗೂ ರಕ್ಷಣೆ ಕೊಟ್ಟಿರುವುದರಿಂದ, ತೀರದಲ್ಲಿ ಬಿದ್ದಿದ್ದನ್ನು ಎತ್ತಿಕೊಂಡೆವೆಂಬ ಮಾತು ವಿಮಾನ ನಿಲ್ದಾಣದ ತಪಾಸಣೆಯಲ್ಲಿ ನಡೆಯುವುದಿಲ್ಲ. ಸಾಮೂಹಿಕ ಹಣದಲ್ಲಿ ಉಳಿದದ್ದನ್ನು ಅದೇ ರಾತ್ರಿ ಹಂಚಿಕೊಳ್ಳಿ. ಬೆಂಗಳೂರಿಗೆ ಬಂದ ಮೇಲೆ ನೋಡೋಣ ಎಂದರೆ ಆ ಲೆಕ್ಕ ಮುಂದಿನ ವರ್ಷದವರೆಗೂ ಎಳೆಯುತ್ತದೆ.