ಜಪಾನಿ ಸ್ಪೋರ್ಟ್ಸ್ ಕಾರು ಮಾರುವುದು ಹೇಗೆ: ಮೊದಲು ಚಾಸಿ ನಂಬರ್, ಆಮೇಲೆ ಪಾಲಿಶ್

ಬಳ್ಳಾರಿ, ಹೊಸಪೇಟೆ ಕಡೆ ಆಮದು ಕಾರು ಮಾರಲು ಹೊರಟವರು ಮೊದಲ ದಿನವೇ ಪಾಲಿಶ್ ಅಂಗಡಿಗೆ ಓಡುತ್ತಾರೆ. ವ್ಯವಹಾರ ಮುರಿಯುವುದು ಬಣ್ಣದಿಂದಲ್ಲ, ಕಾಗದದಿಂದ. ಹೈದರಾಬಾದಿನಿಂದ ಬಂದ ಗಿರಾಕಿ ಆರ್‌ಸಿಯಲ್ಲಿ ಒಂದು ಅಕ್ಷರ ತಪ್ಪಿದ್ದರೂ ಬಂದ ದಾರಿ ಹಿಡಿಯುತ್ತಾನೆ.

ಹಂತ 1: ನಂಬರ್ ತಾಳೆ
ಆರ್‌ಸಿ, ಕಸ್ಟಮ್ಸ್‌ನ ಬಿಲ್ ಆಫ್ ಎಂಟ್ರಿ (ಆಮದಿನ ದಾಖಲೆ), ವಿಮೆ ಪಾಲಿಸಿ ಮೂರನ್ನೂ ಪಕ್ಕಪಕ್ಕ ಇಡಿ. ನಂತರ ಗಾಡಿಯ ಲೋಹದ ಮೇಲೆ ಒತ್ತಿರುವ ಚಾಸಿ ನಂಬರ್ ಹುಡುಕಿ, ಮೂರರ ಜೊತೆಗೂ ತಾಳೆ ನೋಡಿ. ಸ್ಟಿಕರ್ ನಂಬಬೇಡಿ. ಒತ್ತಿದ ನಂಬರ್ ಮಾಡೆಲ್ ನೋಡಿಕೊಂಡು ಬಾನೆಟ್ ಒಳಗೆ ಫೈರ್‌ವಾಲ್ (ಎಂಜಿನ್ ಮತ್ತು ಸೀಟಿನ ಭಾಗದ ನಡುವಿನ ಲೋಹದ ಗೋಡೆ) ಮೇಲೋ, ಮುಂದಿನ ಸೀಟಿನಡಿ ಕಾರ್ಪೆಟ್ ಕೆಳಗೋ ಇರುತ್ತದೆ. ನಮ್ಮಲ್ಲಿ ಅದಿರಿನ ಕೆಂಪು ಧೂಳು ಅಂಕಿಯ ಗುಳಿಯಲ್ಲೇ ಗಟ್ಟಿಯಾಗಿರುತ್ತದೆ. ಪೆಟ್ರೋಲ್ ಅದ್ದಿದ ಬಟ್ಟೆಯಿಂದ ಮಾತ್ರ ಒರೆಸಿ. ಸ್ಯಾಂಡ್‌ಪೇಪರ್ ತಾಗಿಸಿದರೆ ಗೀರು ಬಿದ್ದು, ನಂಬರ್ ತಿದ್ದಿದ್ದೀರಿ ಎಂಬ ಅನುಮಾನಕ್ಕೆ ದಾರಿ. ಒಣಗಿದ ಮೇಲೆ ಮೃದು ಪೆನ್ಸಿಲ್‌ನಿಂದ ಉಜ್ಜಿ, ಸೆಲ್ಲೋಟೇಪ್ ಅಂಟಿಸಿ ಕಿತ್ತು, ಬಿಳಿ ಹಾಳೆಗೆ ಹಚ್ಚಿ. ಇಂಥ ಪ್ರಿಂಟ್ ನಾಲ್ಕು ಮಾಡಿಡಿ.

ತಪ್ಪು ಎಲ್ಲಿ ನುಸುಳುತ್ತದೆ? ಜಪಾನಿನ ಹೊರಗಿನ ಮಾರುಕಟ್ಟೆಗೆ ತಯಾರಾದ ಕಾರಿಗೆ ಸಾಮಾನ್ಯವಾಗಿ 17 ಅಕ್ಷರಾಂಕಿ. ಅದರಲ್ಲಿ ಐ, ಓ, ಕ್ಯೂ ಅಕ್ಷರಗಳು ಇರುವುದೇ ಇಲ್ಲ. ಆರ್‌ಸಿಯಲ್ಲಿ ‘ಓ’ ಕಂಡರೆ ಅದು ಸೊನ್ನೆಯಾಗಬೇಕಿತ್ತು. ಜಪಾನಿನ ಒಳಮಾರುಕಟ್ಟೆಯ ಕಾರಿಗೆ ನಂಬರೇ ಚಿಕ್ಕದು: ಸ್ಕೈಲೈನ್ ಆರ್34 ಜಿಟಿ-ಆರ್ ಆದರೆ ಬಿಎನ್‌ಆರ್34, ಅಡ್ಡಗೆರೆ, ಆಮೇಲೆ ಕ್ರಮಾಂಕ. ನೋಂದಣಿ ವೇಳೆ ಅಡ್ಡಗೆರೆ ಬಿಟ್ಟಿದ್ದರೆ, ಸೊನ್ನೆ ಸೇರಿಸಿದ್ದರೆ ಮೊದಲು ಬಿಲ್ ಆಫ್ ಎಂಟ್ರಿ ಕೊಟ್ಟು ಆರ್‌ಟಿಒದಲ್ಲಿ ತಿದ್ದಿಸಿ. ಎಂಜಿನ್ ಅಥವಾ ಬಣ್ಣ ಬದಲಾಗಿದ್ದರೆ ಅದೂ ಆರ್‌ಸಿಯಲ್ಲಿ ದಾಖಲಾಗಿರಬೇಕು. ಕಾರ್ನೆಟ್ (ಸುಂಕ ಕಟ್ಟದೆ ತಾತ್ಕಾಲಿಕವಾಗಿ ಗಾಡಿ ತರುವ ಪರವಾನಗಿ ಪತ್ರ) ಮೇಲೆ ಬಂದ ಗಾಡಿ ವಾಪಸ್ ಹೋಗಬೇಕಾದದ್ದು. ಅದಕ್ಕೆ ಬೆಲೆ ಕಟ್ಟಲೇಬೇಡಿ.

ಹಂತ 2: ಸಾಲ ತೀರಿದ್ದರೆ ಬ್ಯಾಂಕಿನಿಂದ ಎನ್‌ಒಸಿ (ಆಕ್ಷೇಪಣೆ ಇಲ್ಲ ಎಂಬ ಪತ್ರ), ಫಾರ್ಮ್ 35 (ಆರ್‌ಸಿಯಿಂದ ಸಾಲದ ನಮೂದು ತೆಗೆಸುವ ಅರ್ಜಿ) ಪಡೆಯಿರಿ. ಬಾಕಿ ಚಲನ್ ಕಟ್ಟಿ, ಹೊಗೆ ತಪಾಸಣೆ ಮಾಡಿಸಿ.

ಹಂತ 3: ಗಾಡಿ ಸಿದ್ಧಪಡಿಸುವುದು
ಒಣ ಬಟ್ಟೆಯಿಂದ ಧೂಳು ಒರೆಸಿದರೆ ಬಣ್ಣದ ಮೇಲೆಲ್ಲ ಸುರುಳಿ ಗೀರು. ಮೊದಲು ಧಾರಾಳ ನೀರು. ಆದರೆ ಎಂಜಿನ್‌ಗೆ ಪ್ರೆಶರ್ ವಾಷ್ ಬೇಡ, ಇಗ್ನಿಷನ್ ಕಾಯಿಲ್‌ಗೆ ನೀರಿಳಿದರೆ ಎಂಜಿನ್ ಮಿಸ್ ಹೊಡೆಯುತ್ತದೆ. ಎಣ್ಣೆ ಹಚ್ಚುವ ಕೋನ್ ಆಕಾರದ ಏರ್ ಫಿಲ್ಟರ್ ಇದ್ದರೆ ಕಿತ್ತು ಕಂಪನಿಯ ಕಾಗದದ ಫಿಲ್ಟರ್ ಹಾಕಿ. ಆ ಎಣ್ಣೆ ಎಂಜಿನ್‌ಗೆ ಹೋಗುವ ಗಾಳಿ ಅಳೆಯುವ ಏರ್‌ಫ್ಲೋ ಸೆನ್ಸರ್‌ಗೆ ಹತ್ತಿದರೆ ಐಡ್ಲಿಂಗ್ ಏರಿಳಿಯುತ್ತದೆ. ಅಗ್ಗದ ಸಿಲಿಕಾನ್ ಶೈನ್ ಸ್ಪ್ರೇ ಯಾವುದಕ್ಕೂ ಬಳಸಬೇಡಿ. ನಮ್ಮ ಧೂಳಿಗೆ ಅದು ಗೋಂದು.

ಹಂತ 4: ಟೆಸ್ಟ್ ಡ್ರೈವ್
ಗಿರಾಕಿ ಬರುವ ಮೊದಲು ಎಂಜಿನ್ ಬಿಸಿ ಮಾಡಬೇಡಿ. ತಿಳಿದವರು ಮೊದಲು ಬಾನೆಟ್ ಮುಟ್ಟಿ ನೋಡುತ್ತಾರೆ, ಬಿಸಿಯಿದ್ದರೆ ಸ್ಟಾರ್ಟಿಂಗ್ ತೊಂದರೆ ಮುಚ್ಚಿಟ್ಟಿದ್ದೀರಿ ಎಂದುಕೊಳ್ಳುತ್ತಾರೆ. ಲೈಸೆನ್ಸ್ ನೋಡಿ, ಪಕ್ಕದಲ್ಲಿ ನೀವೇ ಕೂಡಿ. ಹೊಸಪೇಟೆ ಹೆದ್ದಾರಿ ಸಾಕು, ತೋರಣಗಲ್ಲಿನ ಅದಿರು ಲಾರಿಗಳ ನಡುವೆ ವೇಗ ತೋರಿಸಲು ಬಿಡಬೇಡಿ.

ಹಂತ 5: ಹಣ, ಹಸ್ತಾಂತರ
2 ಲಕ್ಷ ಮತ್ತು ಅದಕ್ಕೂ ಹೆಚ್ಚು ನಗದು ಪಡೆದರೆ ಅಷ್ಟೇ ಮೊತ್ತದ ದಂಡ. ಆರ್‌ಟಿಜಿಎಸ್ ಮಾಡಿಸಿ. ಖಾತೆಗೆ ಬಿದ್ದದ್ದನ್ನು ಬ್ಯಾಂಕಿನಲ್ಲೇ ಖಚಿತಪಡಿಸಿಕೊಳ್ಳಿ, ಮೊಬೈಲ್ ಮೆಸೇಜು ಸಾಕ್ಷಿಯಲ್ಲ.

ಮಾಲೀಕತ್ವ ವರ್ಗಾವಣೆಯ ಖಾಲಿ ಫಾರ್ಮ್ 29, 30ಕ್ಕೆ ಸಹಿ ಹಾಕಿ ಬ್ರೋಕರ್ ಕೈಗೆ ಕೊಡುವುದು ಈ ಕಡೆಯ ದೊಡ್ಡ ತಪ್ಪು. ಅವನು ಗಾಡಿಯನ್ನು ಇನ್ನೊಬ್ಬರಿಗೆ ದಾಟಿಸುತ್ತಾನೆ, ಆರ್‌ಸಿಯಲ್ಲಿ ಹೆಸರು ನಿಮ್ಮದೇ. ಅಪಘಾತವಾದರೆ ನೋಂದಾಯಿತ ಮಾಲೀಕನೇ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಕೊಳ್ಳುವವರ ಹೆಸರು, ವಿಳಾಸ ತುಂಬಿದ ಮೇಲೆಯೇ ಸಹಿ ಮಾಡಿ. ರಾಜ್ಯದೊಳಗಿನ ಮಾರಾಟವನ್ನು 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ರಾಯಚೂರು ದಾಟಿ ತೆಲಂಗಾಣಕ್ಕೆ ಹೋಗುವ ಗಾಡಿಗೆ ಫಾರ್ಮ್ 28ರಲ್ಲಿ ನಿಮ್ಮ ಆರ್‌ಟಿಒ ಕೊಡುವ ಎನ್‌ಒಸಿಯೂ ಬೇಕು.

ಡೆಲಿವರಿ ನೋಟ್‌ನಲ್ಲಿ ತಾರೀಖಿನ ಜೊತೆ ಗಂಟೆ, ನಿಮಿಷ, ಓಡೋಮೀಟರ್ ಅಂಕಿ ಬರೆದು ಇಬ್ಬರೂ ಸಹಿ ಮಾಡಿ. ಫಾಸ್ಟ್ಯಾಗ್ ಅಂದೇ ಮುಚ್ಚಿಸಿ. ಪರಿವಾಹನ್ ಜಾಲತಾಣದಲ್ಲಿ ಹೊಸ ಮಾಲೀಕರ ಹೆಸರು ಬರುವವರೆಗೆ ವಾರಕ್ಕೊಮ್ಮೆ ನೋಡುತ್ತಿರಿ.